ಸುದ್ದಿ ಹೊತ್ತು ತಂದ ಹುಡುಗ

ಹೊಸಪೇಟೆ ಸೀಮೆಯಲ್ಲಿ ಐವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ: 1984ರ ಅಕ್ಟೋಬರ್ 31ರಂದು ನೀವೆಲ್ಲಿದ್ದಿರಿ? ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಹೇಳತೊಡಗುತ್ತಾರೆ. ಒಬ್ಬರು ಕಂಪ್ಲಿಯ ಗದ್ದೆಯ ಬದುವಿನ ಮೇಲಿದ್ದರು. ಇನ್ನೊಬ್ಬರು ಸಂಡೂರಿನಲ್ಲಿ ಅದಿರಿನ ಲಾರಿಗೆ ತಾಡಪಾಲು ಕಟ್ಟುತ್ತಿದ್ದರು. ಮತ್ತೊಬ್ಬರು ಟಿ.ಬಿ. ಡ್ಯಾಮಿನ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದರು. ಡಬ್ಬಿಯಲ್ಲಿ ಏನಿತ್ತು ಎಂಬುದೂ ಅವರಿಗೆ ನೆನಪಿದೆ. ಅದರ ಹಿಂದಿನ ದಿನ ಏನು ಮಾಡುತ್ತಿದ್ದಿರಿ ಎಂದರೆ ಮಾತ್ರ ಯಾರಿಗೂ ಗೊತ್ತಿಲ್ಲ.

ಹೊಸಪೇಟೆಯ ಹೈಸ್ಕೂಲೊಂದರಲ್ಲಿ ಆಗ ಒಂಬತ್ತನೇ ತರಗತಿ ಓದುತ್ತಿದ್ದ ಹುಡುಗನೊಬ್ಬನಿಗೆ ಆ ದಿನ ಮರೆಯದೆ ಉಳಿದದ್ದಕ್ಕೆ ಬೇರೆಯದೇ ಕಾರಣವಿದೆ. ಎಲ್ಲರೂ ಆ ಸುದ್ದಿಯನ್ನು ಕೇಳಿದರು. ಅವನು ಅದನ್ನು ಊರಿಗೆ ಹೊತ್ತು ತಂದ.

ಅಂದು ಬುಧವಾರ. ದೀಪಾವಳಿ ಮುಗಿದು ವಾರವಾಗಿತ್ತು. ಮಾರನೆಯ ದಿನ ನವೆಂಬರ್ 1, ರಾಜ್ಯೋತ್ಸವ. ಶಾಲೆಯಿಂದ ಮೆರವಣಿಗೆಗೆ ಏನು ಕಳಿಸುವುದು ಎಂದು ತಿಂಗಳ ಮೊದಲೇ ಚರ್ಚೆಯಾಗಿ, ಹಂಪಿಯ ಕಲ್ಲಿನ ರಥವೇ ಆಗಲಿ ಎಂದು ತೀರ್ಮಾನವಾಗಿತ್ತು. ಹೊಸಪೇಟೆಯವರು ಇನ್ನೇನು ತಾನೇ ಮಾಡಿಯಾರು? ಬಿದಿರಿನ ದಬ್ಬೆ, ಗೋಣಿತಾಟು, ಹಳೆಯ ಪತ್ರಿಕೆ, ಮೈದಾಹಿಟ್ಟಿನ ಅಂಟು. ಆಳೆತ್ತರದ ರಥ ವಿಜ್ಞಾನದ ಕೊಠಡಿಯಲ್ಲಿ ಎದ್ದು ನಿಂತಿತ್ತು. ಕೊಠಡಿಯ ತುಂಬ ಹುಳಿ ಹಿಟ್ಟಿನ ವಾಸನೆ.

ವಿಜ್ಞಾನದ ಮೇಷ್ಟ್ರದು ಒಂದೇ ಹಟ. ರಥದ ಚಕ್ರ ತಿರುಗಬೇಕು. ವಿಠ್ಠಲ ದೇವಾಲಯದ ಕಲ್ಲಿನ ರಥದ ಚಕ್ರಗಳೂ ಒಂದು ಕಾಲಕ್ಕೆ ತಿರುಗುತ್ತಿದ್ದವಂತೆ; ಈಗ ಅವನ್ನು ಭದ್ರಪಡಿಸಿ ನಿಲ್ಲಿಸಲಾಗಿದೆ. ನಮ್ಮದು ಕಾಗದದ ರಥ, ನಮ್ಮದಾದರೂ ತಿರುಗಲಿ ಎಂಬುದು ಮೇಷ್ಟ್ರ ವಾದ. ಆದರೆ ಬಿದಿರಿನ ಅಚ್ಚಿನ ಮೇಲೆ ಹಲಗೆಯ ಚಕ್ರ ಕೂರಿಸಿ ಎಳೆದರೆ ಅದು ಕಿರುಗುಟ್ಟಿ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಉಜ್ಜುವ ಘರ್ಷಣೆಗಿಂತ ಉರುಳುವ ಘರ್ಷಣೆ ಬಹಳ ಕಡಿಮೆ ಎಂದು ಪುಸ್ತಕದಲ್ಲಿ ಓದಿದ್ದ ಹುಡುಗರಿಗೆ ಆಗ ಬಾಲ್ ಬೇರಿಂಗ್ ನೆನಪಾಯಿತು. ಬೇರಿಂಗ್ ಬೇಕೆಂದರೆ ಬಸ್ ನಿಲ್ದಾಣದ ಹತ್ತಿರದ ಲಾರಿ ಗ್ಯಾರೇಜು.

ಆ ಗ್ಯಾರೇಜಿನ ಮುಂದೆ ಪಂಜಾಬಿನ ಲಾರಿಯೊಂದು ವಾರದಿಂದ ಕೆಟ್ಟು ನಿಂತಿತ್ತು. ಸೊಲ್ಲಾಪುರದ ಕಡೆಯಿಂದ ಮಂಗಳೂರಿಗೆ ಹೊರಟಿದ್ದ ಲಾರಿಯ ಆಕ್ಸೆಲ್ ತುಂಡಾಗಿ, ಬದಲಿ ಭಾಗ ಸಿಗದೆ, ಸರ್ದಾರ್‌ಜಿ ಹೊಸಪೇಟೆಯಲ್ಲಿ ಸಿಕ್ಕಿಕೊಂಡಿದ್ದ. ಐವತ್ತರ ಆಸುಪಾಸಿನ, ಬಿಳಿಗಡ್ಡದ, ದಪ್ಪ ಮನುಷ್ಯ. ಅವನ ಕ್ಲೀನರ್ ಗಣಿಲಾರಿಗಳ ಶೆಡ್ಡಿನಲ್ಲಿ ಹಳೆಯ ಆಕ್ಸೆಲ್ ಏನಾದರೂ ಸಿಕ್ಕೀತೇ ಎಂದು ಸಂಡೂರಿಗೆ ಹೋಗಿದ್ದ. ಕೆಲಸವಿಲ್ಲದ ಸರ್ದಾರ್‌ಜಿ ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಹೋಗುವ ಬರುವ ಮಕ್ಕಳನ್ನೆಲ್ಲ ಮಾತನಾಡಿಸುತ್ತಿದ್ದ. ಹುಡುಗರು ತಮ್ಮ ಮುರುಕು ಹಿಂದಿಯಲ್ಲಿ ರಥದ ಕಥೆ ಹೇಳಿದಾಗ ಅವನು ಗ್ಯಾರೇಜಿನ ಮೇಸ್ತ್ರಿಯ ಗುಜರಿ ಡಬ್ಬವನ್ನು ನೆಲಕ್ಕೆ ಸುರಿದ. ಅದರಲ್ಲಿ ಒಂದೇ ಅಳತೆಯ ನಾಲ್ಕು ಬೇರಿಂಗುಗಳನ್ನು ಹುಡುಕಿ, ಸೀಮೆಎಣ್ಣೆಯಲ್ಲಿ ತೊಳೆದು, ಕಿವಿಯ ಹತ್ತಿರ ಹಿಡಿದು ತಿರುಗಿಸಿ ಸದ್ದು ಕೇಳಿ, ಗ್ರೀಸ್ ತುಂಬಿ ಕೊಟ್ಟ. ದುಡ್ಡು ಬೇಡವೆಂದ. ರಥ ಓಡುವ ದಿನ ತನ್ನನ್ನೂ ಕರೆಯಬೇಕೆಂದ.

ಇದು ಮಂಗಳವಾರದ ಮಾತು.

ಬುಧವಾರ ಬೆಳಿಗ್ಗೆ ಇನ್ನೊಂದು ತಕರಾರು ಎದ್ದಿತು. ರಥದ ಮುಂದೆ ಇರುವುದು ಆನೆಯೋ ಕುದುರೆಯೋ? ಹೆಡ್‌ಮೇಷ್ಟ್ರು ಆನೆ ಎಂದರು, ಡ್ರಾಯಿಂಗ್ ಮೇಷ್ಟ್ರು ಮೊದಲಿದ್ದದ್ದು ಕುದುರೆ ಎಂದರು. ಕೊನೆಗೆ ಇಬ್ಬರು ಹುಡುಗರ ಕೈಗೆ ಡ್ರಾಯಿಂಗ್ ಹಾಳೆ ಕೊಟ್ಟು, ಹೋಗಿ ನೋಡಿ ಬರೆದುಕೊಂಡು ಬನ್ನಿ ಎಂದು ಹಂಪಿಯ ಬಸ್ಸು ಹತ್ತಿಸಿದರು. ಹದಿಮೂರು ಕಿಲೋಮೀಟರ್ ದಾರಿ. ಅನಂತಶಯನಗುಡಿ, ಕಡ್ಡಿರಾಂಪುರ ದಾಟಿ ಬಸ್ಸು ಹಂಪಿಯತ್ತ ಹೊರಳುತ್ತಿದ್ದ ಹೊತ್ತಿನಲ್ಲೇ, ಬೆಳಿಗ್ಗೆ ಸುಮಾರು 9.20ಕ್ಕೆ, ದೆಹಲಿಯ ಸಫ್ದರ್‌ಜಂಗ್ ರಸ್ತೆಯ ಮನೆಯಿಂದ ಪಕ್ಕದ ಅಕ್ಬರ್ ರಸ್ತೆಯ ಕಚೇರಿಗೆ ನಡೆದು ಹೋಗುತ್ತಿದ್ದ ಪ್ರಧಾನಿ ಇಂದಿರಾ ಗಾಂಧಿಯವರ ಮೇಲೆ ಅವರದೇ ಕಾವಲಿನ ಇಬ್ಬರು ಗುಂಡು ಹಾರಿಸಿದರು. ಅಲ್ಲಿ ಬ್ರಿಟಿಷ್ ನಟ ಪೀಟರ್ ಉಸ್ತಿನೋವ್ ಅವರ ಸಂದರ್ಶನಕ್ಕೆಂದು ಕ್ಯಾಮೆರಾ ಹೂಡಿ ಕಾಯುತ್ತಿದ್ದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಾಹ್ಯಾಕಾಶದಲ್ಲಿದ್ದ ರಾಕೇಶ್ ಶರ್ಮಾ ಅವರೊಡನೆ ಮಾತನಾಡಿದ್ದ ಅವರ ಧ್ವನಿ ಶಾಲೆಯ ಮಕ್ಕಳಿಗೆ ಇನ್ನೂ ನೆನಪಿತ್ತು.

ಹುಡುಗರಿಗೆ ಇದಾವುದೂ ತಿಳಿಯದು. ಅವರು ನದಿಯ ದಂಡೆಯ ಹಾದಿಯಲ್ಲಿ ನಡೆದು ವಿಠ್ಠಲ ದೇವಾಲಯ ಸೇರಿ ರಥದ ಸುತ್ತ ಮೂರು ಸುತ್ತು ಹಾಕಿದರು. ಇಬ್ಬರು ಮೇಷ್ಟ್ರೂ ಗೆದ್ದಿದ್ದರು! ಮುಂದಿರುವುದು ಆನೆಗಳೇ, ಆದರೆ ಅವು ಆಮೇಲೆ ತಂದಿಟ್ಟವು. ಆನೆಗಳ ಹಿಂದೆ ಬಗ್ಗಿ ನೋಡಿದರೆ ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲದ ಗುರುತು ಈಗಲೂ ಕಾಣುತ್ತವೆ. ಐವತ್ತು ರೂಪಾಯಿಯ ಹೊಸ ನೋಟಿನಲ್ಲಿ ಈ ರಥವಿದೆ. ಹಂಪಿಗೆ ಹೋದಾಗ ನೋಟನ್ನೂ ರಥವನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಬಜಾರಿಗೆ ಮರಳುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಆಗಿನ್ನೂ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ, ಖಾನಾವಳಿಗಳಿದ್ದವು; ಅವು ತೆರವಾದದ್ದು 2011ರಲ್ಲಿ. ಒಂದು ಮಂಟಪದ ಕಟ್ಟೆಯ ಮೇಲೆ ಉದ್ದ ಕೂದಲಿನ ಬಿಳಿಯನೊಬ್ಬ ಸಣ್ಣ ಟ್ರಾನ್ಸಿಸ್ಟರನ್ನು ಕಿವಿಗೆ ಹಿಡಿದು ಕುಳಿತಿದ್ದ. ಶಾಲೆಯ ಸಮವಸ್ತ್ರದ ಹುಡುಗರನ್ನು ಕಂಡು ಕರೆದು, ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. ಹುಡುಗನಿಗೆ ತಿಳಿದದ್ದು ಬಿಡಿ ಬಿಡಿ ಪದಗಳು. ಬಿ.ಬಿ.ಸಿ. ಇಂದಿರಾ ಗಾಂಧಿ. ಶಾಟ್. ಡೆಡ್. ಟೂ ಬಾಡಿಗಾರ್ಡ್ಸ್. ಸಿಖ್.

ಕೇಳುತ್ತಲೇ ಹುಡುಗನ ಕಾಲು ನಡುಗಿತು. ಮರುಕ್ಷಣವೇ ಇದು ಹೊಸಪೇಟೆಯಲ್ಲಿ ಇನ್ನೂ ಯಾರಿಗೂ ಗೊತ್ತಿರಲಿಕ್ಕಿಲ್ಲ ಎಂಬ ಯೋಚನೆ ಬಂತು. ದುಃಖಕ್ಕಿಂತ ಈ ಯೋಚನೆಯೇ ಮುಂದಾಯಿತು ಎಂಬುದನ್ನು ಅವನು ಬಹಳ ವರ್ಷ ಯಾರಿಗೂ ಹೇಳಲಿಲ್ಲ.

ಬಸ್ಸಿನಲ್ಲಿ ಹೇಳಿದ. "ಇಂದಿರಾ ಗಾಂಧಿ ಸತ್ತು ಹೋದ್ರಂತೆ. ಅವರ ಕಾವಲಿನವರೇ ಇಬ್ರು ಹೊಡೆದ್ರಂತೆ." ಕಂಡಕ್ಟರು ಕೈಯೆತ್ತಿ ಗದರಿದ: "ಬಾಯಿಗೆ ಬಂದಂಗ ಮಾತಾಡಬ್ಯಾಡಲೇ. ಅಂತೆ ಅಂತೆ ಅಂತ ಏನ್ ಹೇಳ್ತಿ?" ಬೆಳಗಾವಿನಿಂದ ರೇಡಿಯೊ ಕೇಳುತ್ತಿದ್ದ ಒಬ್ಬ ಮುದುಕ, ಗುಂಡೇಟು ಬಿದ್ದದ್ದು ನಿಜ, ಆಸ್ಪತ್ರೆಯಲ್ಲಿದ್ದಾರೆ, ಸತ್ತಿದ್ದು ಸುಳ್ಳು ಎಂದ. ಹೆಂಗಸೊಬ್ಬಳು ಹುಡುಗನ ಕಡೆ ನೋಡಿ, ನಾಲಿಗೆ ಬಿದ್ದು ಹೋಗಲಿ ನಿಂದು ಎಂದು ಶಪಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹದಿಮೂರು ಕಿಲೋಮೀಟರ್ ಹುಡುಗ ಸುಳ್ಳುಗಾರನಾಗಿ ಪ್ರಯಾಣ ಮಾಡಿದ.

ಹೊಸಪೇಟೆಯಲ್ಲಿ ಇಳಿದಾಗ ಅವನಿಗೆ ಸಿಟ್ಟು ಬಂದಿತ್ತು. 'ಅಂತೆ' ಎಂದದ್ದಕ್ಕೇ ಯಾರೂ ನಂಬಲಿಲ್ಲ ಎಂದುಕೊಂಡ. ಗ್ಯಾರೇಜಿನ ಪಕ್ಕದ ಚಹಾದಂಗಡಿಯ ಮುಂದೆ ಜನ ಗುಂಪುಗೂಡಿದ್ದನ್ನು ಕಂಡು ಓಡುತ್ತಲೇ ಕೂಗಿದ:

"ಇಂದಿರಾ ಗಾಂಧಿ ಸತ್ರು! ಸರ್ದಾರ್ರು ಹೊಡೆದ್ರು!"

'ಅಂತೆ' ಹೋಯಿತು. 'ಇಬ್ಬರು' ಹೋಯಿತು. 'ಕಾವಲಿನವರು' ಹೋಯಿತು. ಕನ್ನಡದಲ್ಲಿ 'ಸರ್ದಾರ್ರು' ಎಂದರೆ ಒಬ್ಬರಿಗೆ ಕೊಡುವ ಗೌರವವೂ ಹೌದು, ಇಬ್ಬರೂ ಹೌದು, ಲೋಕದಲ್ಲಿರುವ ಸರ್ದಾರರೆಲ್ಲರೂ ಹೌದು. ಕೇಳಿದವರು ಯಾವುದನ್ನು ಬೇಕಾದರೂ ಹಿಡಿದುಕೊಳ್ಳಬಹುದು. ಅಲ್ಲಿದ್ದವರು ಮೂರನೆಯದನ್ನು ಹಿಡಿದುಕೊಂಡರು. ಎಲ್ಲರ ತಲೆಯೂ ಒಟ್ಟಿಗೇ ಬೆಂಚಿನತ್ತ ತಿರುಗಿತು.

ಸರ್ದಾರ್‌ಜಿ ಚಹಾದ ಗ್ಲಾಸನ್ನು ಕೆಳಗಿಟ್ಟ. ಅವನಿಗೆ ಕನ್ನಡ ಬಾರದು. ಆದರೆ ಆ ಎರಡು ವಾಕ್ಯದಲ್ಲಿ ತಿಳಿಯದ್ದು ಏನಿತ್ತು? ಅವನು ನೋಡಿದ್ದು ಗುಂಪನ್ನಲ್ಲ, ಕೂಗಿದ ಹುಡುಗನನ್ನು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಯಾರೋ ಬೆಂಚನ್ನು ಒದ್ದರು. ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಬಿಸುಟು ಬಂದವನೇ, ಏನೂ ಆಗದವನಂತೆ ಸರ್ದಾರ್‌ಜಿಯ ತೋಳು ಹಿಡಿದು ಗ್ಯಾರೇಜಿನ ಒಳಗೆ ಕರೆದೊಯ್ದು ಷಟರ್ ಎಳೆದ.

ಹುಡುಗ ಶಾಲೆಗೆ ಓಡಿದ. ಮೇಷ್ಟ್ರು ಆನೆಯ ಚಿತ್ರ ಕೇಳಲಿಲ್ಲ. ಸುದ್ದಿಯನ್ನು ಪೂರ್ತಿ ಕೇಳಿಕೊಂಡು, ಪ್ರಯೋಗದ ರೆಕಾರ್ಡ್ ತಿದ್ದುವಾಗ ಕೇಳುವ ಹಾಗೆಯೇ ಕೇಳಿದರು. "ನೀನು ಕಿವಿಯಾರೆ ಕೇಳಿದ್ದು ಏನು, ಅಷ್ಟೇ ಹೇಳು." ಹುಡುಗ ಹೇಳಿದ. "ಚಹಾದಂಗಡಿ ಹತ್ತಿರ ಏನಂದೆ?" ಅದನ್ನೂ ಹೇಳಿದ. ಮೇಷ್ಟ್ರು ಹೊಡೆಯುತ್ತಾರೆಂದು ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಮೇಷ್ಟ್ರು ಸೈಕಲ್ಲಿನ ಸ್ಟ್ಯಾಂಡ್ ತೆಗೆಯುತ್ತಿದ್ದರು. "ನಡಿ, ಹಿಂದೆ ಕೂಡು," ಎಂದಷ್ಟೇ ಅಂದರು.

ಇಲ್ಲೊಂದು ಮಾತು. ಆಸ್ಪತ್ರೆಯಲ್ಲಿ ವೈದ್ಯರು ಸಾವನ್ನು ಖಚಿತಪಡಿಸಿದ್ದು ಮಧ್ಯಾಹ್ನ ಎರಡೂವರೆಯ ಒಳಗೆ. ಆಕಾಶವಾಣಿ ಅದನ್ನು ದೇಶಕ್ಕೆ ತಿಳಿಸಿದ್ದು ಸಂಜೆ. ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ರಾಜೀವ್ ಗಾಂಧಿ ದೆಹಲಿಗೆ ಬರಬೇಕಿತ್ತು, ರಾಷ್ಟ್ರಪತಿಗಳು ವಿದೇಶದಿಂದ ಮರಳಬೇಕಿತ್ತು; ತಡಕ್ಕೆ ಅವರದೇ ಕಾರಣಗಳಿದ್ದವು. ಆದರೆ ಆ ನಡುವಿನ ಗಂಟೆಗಳಲ್ಲಿ ಊರೂರುಗಳನ್ನು ಆಳಿದ್ದು ಗಾಳಿಮಾತು. ಬಲ್ಲವರು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವರಿಗೆ ಅರ್ಧ ಗೊತ್ತಿತ್ತು. ಲಂಡನ್ನಿನ ಮಾತು ದೆಹಲಿಗಿಂತ ಮೊದಲು ಹಂಪಿಗೆ ಹೇಗೆ ಬಂತು ಎಂದು ಹುಡುಗ ಆಮೇಲೆ ಕೇಳಿದ್ದುಂಟು. ಶಾರ್ಟ್‌ವೇವ್ ಅಲೆಗಳು ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳಕ್ಕೆ ತಾಗಿ ಮರಳಿ ನೆಲಕ್ಕೆ ಬಾಗುತ್ತವೆ, ಹಾಗೆ ಪುಟಿಯುತ್ತ ಸಮುದ್ರ ದಾಟುತ್ತವೆ ಎಂದು ಮೇಷ್ಟ್ರು ಚಿತ್ರ ಬರೆದು ತೋರಿಸಿದರು. ಧಾರವಾಡದ ಮೀಡಿಯಂವೇವ್ ಹಗಲಲ್ಲಿ ನೆಲ ಹಿಡಿದುಕೊಂಡೇ ಬರುತ್ತದೆ. "ಅಲೆಗೇನೂ ತಡ ಆಗಿಲ್ಲಪ್ಪ, ಅದು ಕಣ್ಣು ಮಿಟುಕಿಸೋದರೊಳಗ ಬರ್ತದ. ತಡ ಮಾಡಿದ್ದು ಮನುಷ್ಯರು," ಎಂದಿದ್ದರು.

ಗ್ಯಾರೇಜಿನ ಒಳಗೆ ಮೇಷ್ಟ್ರು, ಮೇಸ್ತ್ರಿ ಗುಸುಗುಸು ಮಾತನಾಡಿದರು. ಹುಡುಗ ಟಯರಿನ ರಾಶಿಯ ಪಕ್ಕ ನಿಂತಿದ್ದ. ಸರ್ದಾರ್‌ಜಿ ಮಂಚದ ಮೇಲೆ ಕೂತು ತನ್ನ ಪೇಟವನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುತ್ತಿದ್ದ. ಅವನ ಕಣ್ಣಲ್ಲೂ ನೀರಿತ್ತು ಎಂಬುದು ಹುಡುಗನಿಗೆ ಆಶ್ಚರ್ಯವೆನಿಸಿತು. ಸತ್ತವರು ಅವನಿಗೂ ಪ್ರಧಾನಿ ಎಂಬುದು ಅಲ್ಲಿಯವರೆಗೆ ಅವನಿಗೆ ಹೊಳೆದೇ ಇರಲಿಲ್ಲ.

ಸಂಜೆ ರೇಡಿಯೊ ಹೇಳಿತು. ಪೇಟೆಯ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಅದೇ ಸಂಜೆ ರಾಜೀವ್ ಗಾಂಧಿಯವರಿಗೆ ಪ್ರಮಾಣವಚನ ಬೋಧಿಸಿದ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ತಾವೇ ಸಿಖ್ಖರು. ಕತ್ತಲಾಗುವ ಹೊತ್ತಿಗೆ ಎಂಟು ಹತ್ತು ಮಂದಿ ಗ್ಯಾರೇಜಿನ ಮುಂದೆ ಬಂದರು. ಸರ್ದಾರ ಎಲ್ಲಿ ಎಂದರು. ಸಂಡೂರಿಗೆ ಹೋದ ಎಂದ ಮೇಸ್ತ್ರಿ. ಮೇಷ್ಟ್ರು ಷಟರಿಗೆ ಸೈಕಲ್ ಒರಗಿಸಿ ಅದರ ಪಕ್ಕ ನಿಂತಿದ್ದರು. ಬಂದವರಲ್ಲಿ ಇಬ್ಬರು ಅವರ ಹಳೆಯ ವಿದ್ಯಾರ್ಥಿಗಳು. "ಏನಪ್ಪ, ನಮ್ಮ ರಾಷ್ಟ್ರಪತಿ ಯಾರು ಗೊತ್ತೇನು? ಅವರನ್ನೂ ಹುಡುಕ್ಕೊಂಡು ಹೋಗ್ತೀರೇನು?" ಎಂದು ಕೇಳಿದರು. ಹಳೆಯ ವಿದ್ಯಾರ್ಥಿಗಳು ತಲೆ ತಗ್ಗಿಸಿ ಹಿಂದಕ್ಕೆ ಸರಿದರು. ಉಳಿದವರು ಲಾರಿಯ ಮುಂಗಾಜಿಗೆ ಕಲ್ಲು ಹೊಡೆದು ಹೋದರು. ಹೊಸಪೇಟೆಯ ಆ ಗ್ಯಾರೇಜಿನ ಮುಂದೆ ಅಂದು ಒಡೆದದ್ದು ಒಂದು ಗಾಜು. ದೆಹಲಿಯಲ್ಲಿ ಆ ರಾತ್ರಿಯಿಂದ ಮುಂದಿನ ದಿನಗಳಲ್ಲಿ ನಡೆದ ಸಿಖ್ಖರ ಕೊಲೆಗಳ ಸಂಖ್ಯೆ ಸರ್ಕಾರದ ಸಮಿತಿಯ ಲೆಕ್ಕದಲ್ಲೇ 2,733. ಕೂಗಿದ ಮಾತು ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ರಾತ್ರಿ ಮೇಸ್ತ್ರಿ ಪರಿಚಯದವರ ಟ್ರ್ಯಾಕ್ಟರ್ ತರಿಸಿದ. ಅವನ ಅತ್ತೆಮನೆ ಕಂಪ್ಲಿ. ಪೇಟ ತೆಗೆದರೆ ಯಾರಿಗೂ ಗುರುತು ಸಿಗುವುದಿಲ್ಲ ಎಂದು ಯಾರೋ ಸೂಚಿಸಿದಾಗ ಸರ್ದಾರ್‌ಜಿ ತಲೆಯಲ್ಲಾಡಿಸಿದ. ಮೇಷ್ಟ್ರು ಆ ಮಾತನ್ನು ಅಲ್ಲಿಗೇ ಬಿಟ್ಟರು. ಪೇಟದ ಮೇಲೆಯೇ ಕಂಬಳಿ ಕೊಪ್ಪೆ ಹಾಕಿಸಿದರು. ಚಳಿಗೆ ಮುದುರಿ ಕುಳಿತ ಕುರಿಗಾಹಿಯಂತೆ ಅವನು ಟ್ರೇಲರಿನಲ್ಲಿ ಕೂತು ಹೋದ.

ಕಂಪ್ಲಿಯಲ್ಲಿ ಅವನು ಐದು ರಾತ್ರಿ ಇದ್ದ. ಓಣಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಭತ್ತದ ಗದ್ದೆಗಳು ತೆನೆ ಬಾಗಿ ನಿಂತ ಕಾಲ. ನದಿಯ ದಂಡೆಯ ತೋಟದಲ್ಲಿ ಕೆಟ್ಟು ಬಿದ್ದಿದ್ದ ಡೀಸೆಲ್ ಪಂಪ್‌ಸೆಟ್ಟೊಂದನ್ನು ಅವನು ಬಿಚ್ಚಿ ರಿಪೇರಿ ಮಾಡಿಕೊಟ್ಟ. ನವೆಂಬರ್ 3ರಂದು ಅಂತ್ಯಸಂಸ್ಕಾರದ ವೀಕ್ಷಕ ವಿವರಣೆ ರೇಡಿಯೊದಲ್ಲಿ ಬರುತ್ತಿದ್ದಾಗ ಮನೆಯವರ ಜೊತೆ ನೆಲದ ಮೇಲೆ ಕೂತು, ಹಿಂದಿ ತಿಳಿಯದ ಅಜ್ಜಿಗೆ ಕೈಸನ್ನೆಯಲ್ಲಿ ಅರ್ಥ ಹೇಳಿದನಂತೆ. ಇತ್ತ ಸಂಡೂರಿನಲ್ಲಿ ಸಿಕ್ಕಿಬಿದ್ದಿದ್ದ ಕ್ಲೀನರ್ ಹುಡುಗನನ್ನು ಮೇಷ್ಟ್ರ ಸ್ನೇಹಿತರಾದ ಅಲ್ಲಿನ ಶಿಕ್ಷಕರೊಬ್ಬರು ತಮ್ಮ ಮನೆಯಲ್ಲಿಟ್ಟುಕೊಂಡಿದ್ದರು. ಆಕ್ಸೆಲ್ ಕೂಡ ಸಿಕ್ಕಿತ್ತು.

ರಾಜ್ಯೋತ್ಸವದ ಮೆರವಣಿಗೆ ನಡೆಯಲಿಲ್ಲ. ಶಾಲೆಯ ಬಾವುಟ ಅರ್ಧಕ್ಕಿಳಿಯಿತು. ರಥ ವಿಜ್ಞಾನದ ಕೊಠಡಿಯಲ್ಲೇ ನಿಂತಿತು. ಅದರ ಪಕ್ಕದಲ್ಲೇ ನಿಂತು, ಒಂದು ತಿಂಗಳ ಬಳಿಕ, ಮೇಷ್ಟ್ರು ಭೋಪಾಲದ ವಿಷಾನಿಲದ ಬಗ್ಗೆ ಪಾಠ ಹೇಳಬೇಕಾಯಿತು. ಅಂಥ ವರ್ಷ ಅದು.

ಹುಡುಗನ ಮನೆಯಲ್ಲಿ ಅಪ್ಪನಿಗೆ ವಿಷಯ ಗೊತ್ತಾದದ್ದು ಎರಡು ದಿನ ತಡವಾಗಿ. ಅವರು ಬೈಯಲಿಲ್ಲ. "ಯಾರು ಕೂಗಿದ್ದು ಅಂತ ಆ ಮನುಷ್ಯನಿಗೆ ಗೊತ್ತೈತೇನು?" ಎಂದು ಕೇಳಿದರು. ಗೊತ್ತೈತಿ ಎಂದ ಹುಡುಗ. ಅಪ್ಪ ಮತ್ತೆ ಮಾತನಾಡಲಿಲ್ಲ. ಆ ರಾತ್ರಿ ಊಟ ಮಾಡುವಾಗಲೂ ಮಾತನಾಡಲಿಲ್ಲ.

ಸರ್ದಾರ್‌ಜಿ ಕಂಪ್ಲಿಯಿಂದ ಮರಳಿ, ಲಾರಿಗೆ ಹೊಸ ಗಾಜು, ಆಕ್ಸೆಲ್ ಕೂರಿಸಿ ಹೊರಡುವ ಬೆಳಿಗ್ಗೆ ಹುಡುಗ ಗ್ಯಾರೇಜಿಗೆ ಹೋದ. ರಥದ ಚಕ್ರಗಳಿಂದ ನಾಲ್ಕೂ ಬೇರಿಂಗು ಬಿಚ್ಚಿ ಕಾಗದದಲ್ಲಿ ಸುತ್ತಿಕೊಂಡು ಹೋಗಿದ್ದ. ಏನು ಹೇಳಬೇಕೆಂದು ರಾತ್ರಿಯೆಲ್ಲ ಹಿಂದಿಯಲ್ಲಿ ಉರುಹೊಡೆದಿದ್ದ. ಎದುರು ನಿಂತಾಗ ಒಂದು ಪದವೂ ಬರಲಿಲ್ಲ. ಪೊಟ್ಟಣವನ್ನು ಮುಂದೆ ಚಾಚಿದ.

ಸರ್ದಾರ್‌ಜಿ ಬಿಚ್ಚಿ ನೋಡಿದ. "ರಥ ಓಡಿತೇನು, ಬೇಟಾ?" ಎಂದು ಕೇಳಿದ. ಇಲ್ಲವೆಂದು ಹುಡುಗ ತಲೆಯಾಡಿಸಿದ. ಒಂದೊಂದೇ ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದ. ಮೂರನೆಯದು ಸದ್ದು ಮಾಡಿತು, ಬಿದಿರಿನ ಧೂಳು ಹೊಕ್ಕಿತ್ತು. ಅದನ್ನು ಮತ್ತೆ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಗ್ರೀಸ್ ತುಂಬಿದ. ನಾಲ್ಕನ್ನೂ ಅದೇ ಕಾಗದದಲ್ಲಿ ಸುತ್ತಿ ಹುಡುಗನ ಕೈಗೆ ಕೊಟ್ಟು ಲಾರಿ ಹತ್ತಿದ.

ಲಾರಿ ಚಿತ್ರದುರ್ಗದ ರಸ್ತೆ ಹಿಡಿಯಿತು. ಹುಡುಗನ ಅಂಗೈಗೆ ಹತ್ತಿದ ಗ್ರೀಸಿನ ಕಲೆ ಎರಡು ದಿನ ಹೋಗಲಿಲ್ಲ. ಮುಂದಿನ ವರ್ಷ, 1985ರ ರಾಜ್ಯೋತ್ಸವದಲ್ಲಿ, ಹುಡುಗ ಎಸ್ಸೆಸ್ಸೆಲ್ಸಿಯಲ್ಲಿದ್ದಾಗ, ಹೊಸದಾಗಿ ಕಾಗದ ಮೆತ್ತಿದ ರಥ ಪೇಟೆಯ ಬೀದಿಯಲ್ಲಿ ಓಡಿತು. ನಾಲ್ಕೂ ಚಕ್ರ ಸದ್ದಿಲ್ಲದೆ ತಿರುಗಿದವು.